ಡಾಲ್ಡಾ ಡಬ್ಬಿಯ ಹಿಟ್ಟು

ಬಾದಾಮಿ ಬಸ್ ಸ್ಟ್ಯಾಂಡ್ ಕಡೆ ಚಹಾ ಕುಡಿಯುವಾಗ ನಮಗೆ ಆಗಾಗ ಎದುರಾಗುವ ಪ್ರಶ್ನೆ ಒಂದಿದೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. "ಅಲ್ರೀ, ನಮ್ಮ ಮನ್ಯಾಗ ದಿನಾ ಲಿಂಗಪೂಜೆ ಆಗಬೇಕು. ಸಾಬರು ದಿನಕ್ಕ ಐದು ಸಲ ನಮಾಜ್ ಮಾಡ್ತಾರ. ನಿಮ್ಮದು ಐತವಾರ ಒಂದ ದಿನ ಅಲ್ರೀ? ಉಳಿದ ಆರು ದಿನ ಏನ್ ಮಾಡ್ತೀರಿ?"

ಪ್ರಶ್ನೆ ಸರಿಯಾಗಿಯೇ ಇದೆ. ಅವರು ನೋಡುವುದಾದರೂ ಏನನ್ನು? ನಮ್ಮ ಹಣೆಗೆ ವಿಭೂತಿ ಇಲ್ಲ, ತಲೆಗೆ ಟೋಪಿ ಇಲ್ಲ. ಇಂಥ ವಾರ ಇಂಥದ್ದು ತಿನ್ನಬಾರದು ಅನ್ನುವ ಕಟ್ಟೂ ನಮ್ಮ ಸಭೆಯಲ್ಲಿ ಹೆಚ್ಚಿಲ್ಲ. ಹೆಸರು ಹೇಳಿದಾಗಲೇ ಎದುರಿನವರಿಗೆ ಗೊತ್ತಾಗುವುದು. ಅದೂ ಈ ಕಡೆ ಅಪರೂಪದ ಹೆಸರು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87. ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನದು, ಕರಾವಳಿಯದು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಹುಡುಕಿ ಎಣಿಸಬೇಕು.

ಆರು ದಿನ ಏನು ಮಾಡುತ್ತೀರಿ ಅನ್ನುವುದಕ್ಕೆ ನಾವು ಅಲ್ಲಿ ಒಂದು ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಚಹಾ ತಣ್ಣಗಾಗುತ್ತದೆ, ಬಸ್ ಬರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ನಾವು ಅಂದರೆ ಅವ್ವನಿಂದ ಹಿಡಿದು ಮಗಳವರೆಗೆ ಮನೆಮಂದಿ ಎಲ್ಲ. ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ ಮಾತ್ರ ಒಬ್ಬರದು.

ಮೊದಲು ಸ್ವಲ್ಪ ಹಿಂದಿನ ಕತೆ. ಈ ಭಾಗದ ಹಳೆಯ ಸಭೆ ಗುಳೇದಗುಡ್ಡದ್ದು. ಆಗ ಅದು ಬಾದಾಮಿ ತಾಲ್ಲೂಕಿನಲ್ಲಿತ್ತು, ಈಗ ತಾನೇ ಒಂದು ತಾಲ್ಲೂಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅಲ್ಲಿಂದ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಆಮೇಲೆ ಗದಗಿನ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ಬಂದ ಪಾದ್ರಿಗಳಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ರೈತರ, ಬಡಗಿಗಳ, ನೇಕಾರರ ಮಕ್ಕಳು. ಪಾಯಟಿಸಂ ಎಂದು ಕರೆಯುವ ಒಂದು ಪಂಥದ ಗಾಳಿಯಲ್ಲಿ ಬೆಳೆದವರು. ಆ ಪಂಥದವರಿಗೆ ಚರ್ಚಿನ ದೊಡ್ಡ ಪೂಜೆ, ದೊಡ್ಡ ವಾದಕ್ಕಿಂತ ಮನೆಯೊಳಗಿನ ನಡತೆ ಮುಖ್ಯ. ಬೆಳಿಗ್ಗೆ ಎದ್ದು ಓದುವುದು, ರಾತ್ರಿ ದಿನಚರಿ ಬರೆಯುವುದು, ದುಡ್ಡಿಗೆ ಲೆಕ್ಕ ಇಡುವುದು, ವೇಳೆ ಹಾಳು ಮಾಡದಿರುವುದು. ದೇವರ ಮುಂದೆ ಮನುಷ್ಯ ತಯಾರಾಗುವುದು ಇಲ್ಲೇ ಎಂದು ಅವರು ತಿಳಿದಿದ್ದರು.

ಮತ ಬದಲಿಸಿದವರಿಗೆ ಜಾತಿಯ ಕಸುಬು ತಪ್ಪುತ್ತಿತ್ತು. ಅದಕ್ಕೆ ಮಿಷನ್ನಿನವರು ಮಂಗಳೂರಿನಲ್ಲಿ 1851ರ ಹೊತ್ತಿಗೆ ನೇಯ್ಗೆ ಶುರು ಮಾಡಿದರು, 1865ರಲ್ಲಿ ಹಂಚಿನ ಕಾರ್ಖಾನೆ ತೆಗೆದರು. ಶಿಸ್ತು ಬಹಳ ಬಿಗಿ. ಕುಡಿದವನಿಗೆ, ಜೂಜಾಡಿದವನಿಗೆ ಸಭೆಯ ಹಿರಿಯರು ಮನೆಗೇ ಬಂದು ಬುದ್ಧಿ ಹೇಳುತ್ತಿದ್ದರು. ಇದರಲ್ಲಿ ನಮಗೆ ಒಪ್ಪಿಗೆಯಾಗದ್ದೂ ಇದೆ. ಪರರ ಅಡುಗೆಮನೆಯಲ್ಲಿ ಇಣುಕುವ ಚಟ ಕೆಲವು ಹಿರಿಯರಿಗೆ ಇವತ್ತಿಗೂ ಬಿಟ್ಟಿಲ್ಲ; ಯಾರ ಮಗಳು ಯಾರ ಜೊತೆ ಮಾತಾಡಿದಳು ಎಂಬುದರ ಮೇಲೆ ಇರುವ ಕಣ್ಣು ಯಾರ ತೂಕದ ಕಲ್ಲು ಕಡಿಮೆ ಎಂಬುದರ ಮೇಲೆ ಇರುವುದಿಲ್ಲ. ಇರಲಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಹಿಡಿದು ಕಳಿಸಿಬಿಟ್ಟಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಸಭೆಗಳು ಮುಂದೆ ಸಿಎಸ್‌ಐಗೆ ಸೇರಿದವು. ಹೋದವರು ಹೋದರು. ರೂಢಿಗಳು ಮಾತ್ರ ಮನೆಗಳಲ್ಲಿ ಉಳಿದವು.

ನಮ್ಮ ಮನೆಯಲ್ಲಿ ಉಳಿದಿರುವ ಒಂದು ರೂಢಿ ಅಂದರೆ ಡಬ್ಬಿ. ಹಳೆಯ ಡಾಲ್ಡಾ ಡಬ್ಬಿ, ಹಳದಿ ಬಣ್ಣ ಪೂರ್ತಿ ಹೋಗಿ ಬರೀ ತಗಡು ಉಳಿದಿದೆ. ಅಜ್ಜಿ ರೊಟ್ಟಿಗೆ ಹಿಟ್ಟು ಕಲಸುವ ಮುಂಚೆ ಒಂದು ಹಿಡಿ ಜೋಳದ ಹಿಟ್ಟು ತೆಗೆದು ಅದಕ್ಕೆ ಹಾಕುತ್ತಿದ್ದಳು. ಕಲಸಿದ ಮೇಲೆ ಉಳಿದದ್ದಲ್ಲ, ಕಲಸುವ ಮುಂಚೆ. ಡಬ್ಬಿ ತುಂಬಿದಾಗ ಅದು ಓಣಿಯಲ್ಲಿ ಯಾರ ಮನೆಗೆ ಬೇಕೋ ಅವರ ಮನೆಗೆ ಹೋಗುತ್ತಿತ್ತು. ಅವರು ಯಾವ ಜಾತಿ, ಚರ್ಚಿಗೆ ಬರುತ್ತಾರೋ ಇಲ್ಲವೋ ಎಂದು ಅಜ್ಜಿ ಕೇಳಿದ್ದು ಯಾರಿಗೂ ನೆನಪಿಲ್ಲ.

ಮೊದಲು ಇದು ನಮ್ಮ ಅಜ್ಜಿಯದೇ ತಲೆ ಅಂದುಕೊಂಡಿದ್ದೆವು. ಆಮೇಲೆ ಓದಿ ಗೊತ್ತಾಯಿತು, ದೂರದ ಮಿಜೋರಾಮಿನಲ್ಲಿ ಇದು ಒಂದು ದೊಡ್ಡ ಪದ್ಧತಿ. ಅಲ್ಲಿ ಅದಕ್ಕೆ 'ಬುಹ್‌ಫಾಯ್ ಥಾಮ್' ಅನ್ನುತ್ತಾರೆ, ಅಂದರೆ ಹಿಡಿ ಅಕ್ಕಿ. 1910ರಲ್ಲಿ ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಹೆಣ್ಣುಮಕ್ಕಳು ಶುರು ಮಾಡಿದರು. ಪ್ರತಿ ಅಡುಗೆಗೂ ಒಂದು ಹಿಡಿ ಅಕ್ಕಿ ಬೇರೆ ಇಡುವುದು, ಅದನ್ನು ಕೂಡಿಸಿ ಮಾರುವುದು, ಬಂದ ದುಡ್ಡನ್ನು ಸಭೆಯ ಕೆಲಸಕ್ಕೆ ಕೊಡುವುದು. ಕೈಯಲ್ಲಿ ರೊಕ್ಕ ಇಲ್ಲದ ಹೆಂಗಸರು ಕಂಡುಕೊಂಡ ದಾರಿ. ಈಗ ಅದರಿಂದ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಕೂಡುತ್ತದೆ. ಹಿಡಿ ಮಾತ್ರ ಅಷ್ಟೇ ಇದೆ.

ನೀವು ನಮ್ಮ ಕಡೆಯ ಚರ್ಚುಗಳ ಸುಗ್ಗಿ ಹಬ್ಬ ನೋಡಿರಬಹುದು. ಬೆಳೆದದ್ದು, ಮಾಡಿದ್ದು ತಂದು ಇಡುತ್ತಾರೆ, ಆಮೇಲೆ ಹರಾಜು ಹಾಕುತ್ತಾರೆ. ಒಂದು ತೆಂಗಿನಕಾಯಿ ಐನೂರಕ್ಕೆ ಹೋದರೆ ಚಪ್ಪಾಳೆ. ಕೂಗುವವರಿಗೂ ಖುಷಿ, ಕೇಳುವವರಿಗೂ ಖುಷಿ, ನಮಗೂ ಖುಷಿ. ಆದರೆ ಡಬ್ಬಿಗೆ ಚಪ್ಪಾಳೆ ಇಲ್ಲ. ಬೆಳಿಗ್ಗೆ ಆರಕ್ಕೆ, ಇನ್ನೂ ನಿದ್ದೆಗಣ್ಣು, ಮನೆಯಲ್ಲಿ ಹಿಟ್ಟು ಕಡಿಮೆ ಇದೆ, ಇವತ್ತು ಒಂದು ದಿನ ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಕಬೇಕಾ ಬೇಡವಾ? ಚಹಾ ಅಂಗಡಿಯಲ್ಲಿ ಕೇಳುತ್ತಾರಲ್ಲ ಆರು ದಿನದ ಧರ್ಮ, ಅದು ಇದೇ ಇರಬೇಕು ಎಂದು ನಮಗೆ ಅನ್ನಿಸುತ್ತದೆ. ವರ್ಷಕ್ಕೊಮ್ಮೆ ಐನೂರು ಕೊಡುವ ಕೈಯನ್ನು ತಯಾರು ಮಾಡುವುದೂ ಬೆಳಗಿನ ಆ ಹಿಡಿಯೇ.

ಬೈಬಲಿನಲ್ಲಿ ಮನ್ನದ ಕತೆ ಇದೆ. ಮೋಶೆಯ ಹಿಂದೆ ಮರಳುಗಾಡಿಗೆ ಬಂದ ಜನರಿಗೆ ಬೆಳಿಗ್ಗೆ ನೆಲದ ಮೇಲೆ ಆಹಾರ ಸಿಗುತ್ತಿತ್ತು. ತಲೆಗೆ ಒಂದು ಓಮೆರ್ ಅಳತೆ, ಅವತ್ತಿಗೆ ಬೇಕಾದಷ್ಟು. ನಾಳೆಗೂ ಇರಲಿ ಎಂದು ಕೂಡಿಟ್ಟವರದು ಬೆಳಗಾಗುವುದರೊಳಗೆ ಹುಳ ಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ತರಬಹುದಿತ್ತು. ಈ ಕತೆಯನ್ನು ಐತವಾರದ ಶಾಲೆಯಲ್ಲಿ ಕಲಿತು ಬಂದ ಮೇಲೆ ಕನ್ನಡ ಶಾಲೆಯಲ್ಲಿ ನಮಗೆ ಆಯ್ದಕ್ಕಿ ಮಾರಯ್ಯನ ಪಾಠ ಸಿಕ್ಕಿತು. ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ದಿನದ ಅಕ್ಕಿಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತರಲು ಬಿಡಲಿಲ್ಲ, ಎಲ್ಲಿಂದ ತಂದಿಯೋ ಅಲ್ಲೇ ಸುರಿದು ಬಾ ಎಂದಳು. ಹನ್ನೆರಡನೇ ಶತಮಾನದ ಮಾತಿದು. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ನಮ್ಮದೇ ಜಿಲ್ಲೆಯ ಹುನಗುಂದ ತಾಲ್ಲೂಕಿನಲ್ಲಿದೆ. ಮೋಶೆ ಎಲ್ಲಿ, ಲಕ್ಕಮ್ಮ ಎಲ್ಲಿ. ಆದರೂ ನಮ್ಮ ಮನೆಯಲ್ಲಿ ಈ ಎರಡು ಕತೆಗಳು ಅಕ್ಕಪಕ್ಕದ ಮನೆಯವರ ಹಾಗೆ ಇವೆ. ಮಾರಯ್ಯ ಕದ್ದಿರಲಿಲ್ಲ, ಬಿದ್ದದ್ದನ್ನೇ ಆಯ್ದಿದ್ದ. ತಪ್ಪು ಎಂದು ಯಾವ ಪಂಚಾಯಿತಿಯೂ ಹೇಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುವ ಒಂದು ಜೊತೆ ಕಣ್ಣು ಇದ್ದದ್ದರಿಂದ ಅದು ಗೊತ್ತಾಯಿತು.

ಅಜ್ಜ ಖಣ ನೇಯುತ್ತಿದ್ದರು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ, ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಕೈಮಗ್ಗ ಕೂತು ಹೋಗುತ್ತಾ ಪವರ್‌ಲೂಮ್ ಬಂದ ಕಾಲದಲ್ಲಿ ಅಜ್ಜ ಮಗ್ಗ ಬಿಟ್ಟು ಸಣ್ಣ ಅಂಗಡಿ ಇಟ್ಟರು. ಅಂಗಡಿಯಲ್ಲಿ ಎರಡೂ ಥರದ ಮಾಲು. ನೋಡಲು ಒಂದೇ ತರಹ, ರೇಟಿನಲ್ಲಿ ಮಾತ್ರ ಫರಕು. ಕೈಯಲ್ಲಿ ನೇಯ್ದದ್ದು ಯಾವುದು ಎಂದು ಕೇಳಿದವರಿಗೆ ನಿಜ ಹೇಳುವುದು ದೊಡ್ಡ ವಿಷಯವಲ್ಲ; ಕೇಳಿದ ಮೇಲೆ ಸುಳ್ಳು ಹೇಳಿದರೆ ಅದು ನೇರ ಮೋಸ, ಯಾರಿಗಾದರೂ ತಿಳಿಯುತ್ತದೆ. ಕೇಳದೇ ಇದ್ದವರ ಕತೆ ಏನು? ಜಾತ್ರೆಗೆ ಬಂದ ಹೆಣ್ಣುಮಗಳು, ಅವಸರದಲ್ಲಿದ್ದಾಳೆ, ಎಲ್ಲಾ ಕೈಮಗ್ಗದ್ದೇ ಅಂದುಕೊಂಡು ಹೆಚ್ಚಿನ ರೇಟು ಕೊಡಲು ಕೈಚೀಲ ತೆಗೆದಿದ್ದಾಳೆ. ನಾವು ಏನೂ ಹೇಳಲಿಲ್ಲ. ಸುಳ್ಳೂ ಹೇಳಲಿಲ್ಲ. ಸುಮ್ಮನಿದ್ದೆವು, ಅಷ್ಟೇ.

ಅಜ್ಜ ಆ ಸುಮ್ಮನಿರುವುದನ್ನು ಸುಳ್ಳಿನ ಲೆಕ್ಕಕ್ಕೇ ಹಾಕಿದರು. ಎರಡು ಗಂಟು ಬೇರೆ ಬೇರೆ ಇಟ್ಟು, "ಇದು ಕೈದು, ಇದು ಕರೆಂಟಿಂದು" ಎಂದು ಕೇಳದೇ ಹೇಳುತ್ತಿದ್ದರು. ಪಕ್ಕದ ಅಂಗಡಿಯವರು ನಗುತ್ತಿದ್ದರಂತೆ. ವ್ಯಾಪಾರ ಕಡಿಮೆಯಾದದ್ದು ನಿಜ. ಅದರಿಂದ ಮುಂದೆ ದೇವರು ನಮಗೆ ಎರಡರಷ್ಟು ಕೊಟ್ಟ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಅಂಗಡಿ ಕೊನೆಗೆ ಮುಚ್ಚಿತು, ಅಪ್ಪ ಬೇರೆ ಕೆಲಸ ನೋಡಿಕೊಂಡರು. ಉಳಿದದ್ದು ಇಷ್ಟು: ಇವತ್ತಿಗೂ ಗುಳೇದಗುಡ್ಡದಲ್ಲಿ ವಯಸ್ಸಾದ ಕೆಲವರು ಅಜ್ಜನ ಹೆಸರು ಹೇಳಿದರೆ "ಕರೆಂಟಿಂದು ಅಂತ ಹೇಳಿ ಮಾರ್ತಿದ್ರಲ್ಲ, ಅವರ ಮೊಮ್ಮಕ್ಕಳೇನ್ರಿ?" ಅನ್ನುತ್ತಾರೆ.

ಈಗ ಸುದ್ದಿಯ ಕೆಲಸಕ್ಕೆ ಬರೋಣ. ಜುಲೈ 1ರಂದು ಕನ್ನಡ ಪತ್ರಿಕಾ ದಿನ ಮಾಡುತ್ತೇವಲ್ಲ, 1843ರ ಅದೇ ದಿನ 'ಮಂಗಳೂರ ಸಮಾಚಾರ' ಹೊರಬಂತು. ಕಲ್ಲಚ್ಚಿನಲ್ಲಿ ಮುದ್ರಿಸಿದ ಪಾಕ್ಷಿಕ, ಸಂಪಾದಕ ಇದೇ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಮರುವರ್ಷ ಬಳ್ಳಾರಿಗೆ ಹೋಗಿ ಅದು 'ಕನ್ನಡ ಸಮಾಚಾರ' ಆಯಿತು. ಡಿಪ್ಲೊಮಾ ಓದುವಾಗ ಇದು ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಜುಲೈ 1ರ ಸಮಾರಂಭದಲ್ಲಿ ಮೋಗ್ಲಿಂಗ್ ಫೋಟೊಗೆ ಹಾರ ಹಾಕಿ, ಪತ್ರಿಕಾ ಧರ್ಮದ ಬಗ್ಗೆ ಭಾಷಣ ಕೇಳಿ, ಊಟ ಮಾಡಿ ಬರುತ್ತೇವೆ. ಮರುದಿನ ಪ್ರೆಸ್ ಮೀಟ್ ಇರುತ್ತದೆ. ಫೈಲಿನ ಒಳಗೆ ಹೇಳಿಕೆಯ ಹಾಳೆ, ಹಾಳೆಯ ಹಿಂದೆ ಬಿಳಿ ಲಕೋಟೆ.

ಲಕೋಟೆಯ ಬಗ್ಗೆ ಬರೆದರೆ ನಮ್ಮ ಬಳಗದವರಿಗೇ ಮುಜುಗರ ಎಂದು ಗೊತ್ತು. ಆದರೂ ಓದುಗರಿಗೆ ಗೊತ್ತಿರಲಿ. ತಾಲ್ಲೂಕು ಮಟ್ಟದ ವರದಿಗಾರರಲ್ಲಿ ಬಹಳ ಜನಕ್ಕೆ ಸಂಬಳ ಇಲ್ಲ. ಒಂದಿಷ್ಟು ಗೌರವಧನ, ಮೇಲೆ ಜಾಹೀರಾತು ತಂದರೆ ಕಮಿಷನ್. ಬೈಕಿನ ಪೆಟ್ರೋಲ್, ಮೊಬೈಲ್ ಡೇಟಾ ಸ್ವಂತದ್ದು. ಅಂಥವರ ಕೈಗೆ ಐನೂರರ ಒಂದು ನೋಟು ಬಂದರೆ ಅದು ಲಂಚದ ಹಾಗೆ ಕಾಣುವುದಿಲ್ಲ, ದಾರಿ ಖರ್ಚಿನ ಹಾಗೆ ಕಾಣುತ್ತದೆ. ಪ್ರೆಸ್ ಕೌನ್ಸಿಲ್ಲಿನ ನಡತೆಯ ನಿಯಮಗಳಲ್ಲಿ ಉಡುಗೊರೆ ತೆಗೆದುಕೊಳ್ಳಬಾರದು ಎಂದೇ ಇದೆ. ಪೇಯ್ಡ್ ನ್ಯೂಸ್ ಬಗ್ಗೆ 2010ರಲ್ಲಿ ಅವರ ಉಪಸಮಿತಿ ದೊಡ್ಡ ವರದಿಯನ್ನೇ ಕೊಟ್ಟಿತು. ಅದು ದೊಡ್ಡವರ ದೊಡ್ಡ ಮೊತ್ತದ ಮಾತು. ನಮ್ಮದು ಐನೂರರ ಮಾತು.

ನಾವು ತೆಗೆದುಕೊಳ್ಳುವುದಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ತೆಗೆದುಕೊಳ್ಳುವ ಗೆಳೆಯರು ನಮಗಿಂತ ಕೆಟ್ಟವರು ಅಂತಲೂ ಅಲ್ಲ. ಅವರಲ್ಲಿ ಒಬ್ಬರು ನಮ್ಮ ಮನೆಯಲ್ಲಿ ಕಾಯಿಲೆ ಇದ್ದಾಗ ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕೂತಿದ್ದರು. ನಮ್ಮದು ಸರಳ ಲೆಕ್ಕ. ಮೊದಲ ಸಲ ಬೇಡ ಎನ್ನುವಾಗ ನಾಲಿಗೆ ಒಣಗುತ್ತದೆ. ಎದುರಿನವರು ಬೇಜಾರು ಮಾಡಿಕೊಳ್ಳುತ್ತಾರೆ. ಹತ್ತನೇ ಸಲಕ್ಕೆ ಅವರೇ ಕೊಡುವುದನ್ನು ಬಿಡುತ್ತಾರೆ. ತೆಗೆದುಕೊಳ್ಳುವುದಕ್ಕೂ ಇದೇ ಲೆಕ್ಕ: ಮೊದಲ ಸಲ ಕೈ ನಡುಗುತ್ತದೆ, ಹತ್ತನೇ ಸಲ ಲಕೋಟೆ ಇಲ್ಲದಿದ್ದರೆ ಸಿಟ್ಟು ಬರುತ್ತದೆ. ಜಕ್ಕಾಯನ ಕತೆ ಓದುವಾಗೆಲ್ಲ ನಮಗೆ ಇದೇ ನೆನಪು. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ. ಯೇಸು ಅವನ ಮನೆಗೆ ಹೋದಾಗ ಅವನು ಅತ್ತು ಕರೆದು ಪ್ರಾರ್ಥನೆ ಮಾಡಿದ ಎಂದು ಬರೆದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದು ಅಂಕಿ ಹೇಳಿದ.

ದುಡ್ಡಿಗಿಂತ ಕಷ್ಟದ್ದು ಮಾತು. ಪೋಕ್ಸೊ ಕಾಯ್ದೆ 2012ರಲ್ಲಿ ಬಂತು. ಅದರ 23ನೇ ಕಲಮಿನ ಪ್ರಕಾರ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ವಿಳಾಸ, ಶಾಲೆ, ಮನೆಯವರ ಗುರುತು ಯಾವುದನ್ನೂ ಪ್ರಕಟಿಸುವಂತಿಲ್ಲ. ಹೆಸರು ಬಿಡುವುದನ್ನು ಎಲ್ಲರೂ ಕಲಿತಿದ್ದಾರೆ. ಆದರೆ ಮುನ್ನೂರು ಮನೆಯ ಊರಿನ ಹೆಸರು ಬರೆದು, ತಂದೆಯ ಕಸುಬು ಬರೆದು, ಎಷ್ಟನೇ ತರಗತಿ ಎಂದು ಬರೆದರೆ ಹೆಸರು ಯಾಕೆ ಬೇಕು? ಅಂಥ ಸುದ್ದಿಯಲ್ಲಿ ಒಂದು ಪದ ಅಳಿಸುವುದಕ್ಕೆ ಅರ್ಧ ಸೆಕೆಂಡು ಸಾಕು. ಆ ಅರ್ಧ ಸೆಕೆಂಡಿನಲ್ಲಿ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂದ ಮೇಲೆ ವಾಟ್ಸ್ಯಾಪ್ ಗುಂಪುಗಳಲ್ಲಿ "ಇಂಥ ಊರಲ್ಲಿ ಒಂದು ಮನೆಯಲ್ಲಿ ಮತಾಂತರ ನಡೀತಿದೆ" ಎಂಬ ಸಂದೇಶಗಳು ಹೆಚ್ಚು ಓಡಾಡಿದವು. ಅಂಥದ್ದೊಂದು ಸಂಜೆ ಹೊತ್ತಿಗೆ ನಮಗೂ ಬಂತು. ಹಿಂದೆಯೇ ಡೆಸ್ಕಿನಿಂದ ಫೋನು: ಅರ್ಧ ಗಂಟೆಯಲ್ಲಿ ಇನ್ನೂರು ಪದ ಬೇಕು. ಆಗ ನಮ್ಮ ಮುಂದೆ ಎರಡು ಸುಲಭದ ದಾರಿ ಇದ್ದವು. ನಮ್ಮ ಧರ್ಮದವರ ಮೇಲಿನ ಮಾತು, ಸುಳ್ಳೇ ಇರಬೇಕು ಎಂದು ಫೋನ್ ಇಟ್ಟುಬಿಡುವುದು ಒಂದು. ನಮ್ಮವರ ಪರ ಇದ್ದೇವೆ ಎಂಬ ಮಾತು ಬರಬಾರದು ಎಂದು ಸಂದೇಶದಲ್ಲಿದ್ದದ್ದನ್ನೇ ಬರೆದು ಕಳಿಸುವುದು ಇನ್ನೊಂದು. ನಿಜ ಹೇಳಬೇಕೆಂದರೆ ಎರಡನೆಯದರ ಸೆಳೆತವೇ ಜಾಸ್ತಿ. ಅಲ್ಪಸಂಖ್ಯಾತ ವರದಿಗಾರರಿಗೆ ತಾವು ನಿಷ್ಪಕ್ಷಪಾತಿಗಳು ಎಂದು ತೋರಿಸುವ ಗೀಳು ಇರುತ್ತದೆ. ಅದೂ ಒಂದು ಬಗೆಯ ಸುಳ್ಳೇ.

ಬೈಕ್ ತೆಗೆದು ಆ ಊರಿಗೆ ಹೋದೆವು. ಮನೆಯವರನ್ನು ಕೇಳಿದೆವು, ಎದುರಿನ ಮನೆಯವರನ್ನು ಕೇಳಿದೆವು, ದೂರು ಹೇಳಿದವರನ್ನು ಕೇಳಿದೆವು, ಆಮೇಲೆ ಪೊಲೀಸರನ್ನು. ಕಾಯಿಲೆಯ ಮುದುಕಿಯ ಹತ್ತಿರ ನಾಲ್ಕು ಜನ ಕೂತು ಪ್ರಾರ್ಥನೆ ಮಾಡಿದ್ದರು. ಠಾಣೆಗೆ ದೂರು ಬಂದಿರಲಿಲ್ಲ. ಮೂರು ಸಾಲು ಬರೆದು ಕಳಿಸಿದೆವು, ಅಷ್ಟೊತ್ತಿಗೆ ಬೇರೆ ಕಡೆ ಅದೇ ಸುದ್ದಿ ದೊಡ್ಡದಾಗಿ ಓಡುತ್ತಿತ್ತು. ನಮ್ಮ ಮೂರು ಸಾಲು ಬರಲೇ ಇಲ್ಲ. ಮುಂದಿನ ಕೆಲವು ದಿನ ಡೆಸ್ಕಿನ ಫೋನೂ ಬರಲಿಲ್ಲ. ಆ ಮುದುಕಿ ಮಾತ್ರ ಹೊರಡುವಾಗ ನಮ್ಮನ್ನು ಕೂಡಿಸಿ ಚಹಾ ಕೊಟ್ಟಿದ್ದಳು. ನಾವು ಯಾವ ಧರ್ಮದವರು ಎಂದು ಆಕೆ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಇಷ್ಟೆಲ್ಲ ಮಾಡಿದರೆ ಸ್ವರ್ಗದಲ್ಲಿ ಸೀಟು ಬುಕ್ ಆಗುತ್ತದೆಯೇ ಎಂದು ತಮಾಷೆ ಮಾಡುವವರಿದ್ದಾರೆ. ನಮ್ಮ ಸಭೆಯ ಬೋಧನೆಯಲ್ಲಿ ಅದಕ್ಕೆ ಜಾಗವಿಲ್ಲ. ರಕ್ಷಣೆ ದೇವರ ಕೃಪೆಯಿಂದ, ಡಬ್ಬಿಯ ಹಿಟ್ಟಿನಿಂದ ಅಲ್ಲ ಎಂದು ಲೂಥರ್ ಕಾಲದಿಂದ ಪಾದ್ರಿಗಳು ಹೇಳುತ್ತಲೇ ಬಂದಿದ್ದಾರೆ. ಹಾಗಾದರೆ ಹಿಡಿ ಹಿಟ್ಟಿಗೆ ಇಷ್ಟು ಮಹತ್ವ ಯಾಕೆ? ನಮಗೆ ತಿಳಿದ ಮಟ್ಟಿಗೆ ಹೇಳುತ್ತೇವೆ. ಕೃಪೆ ಅನ್ನುವುದು ಮಳೆ. ಹೊಲ ಹರಗಿಟ್ಟರೆ ಮಳೆ ಬಂದೇ ಬರುತ್ತದೆ ಅನ್ನುವಂತಿಲ್ಲ, ಬಾದಾಮಿ ಸೀಮೆಯವರಿಗೆ ಇದನ್ನು ಬೇರೆ ಹೇಳಬೇಕೇ? ಆದರೆ ಹರಗದ ಹೊಲದ ಮೇಲೆ ಬಿದ್ದ ಮಳೆ ಹರಿದು ಹಳ್ಳ ಸೇರುತ್ತದೆ.

ರಾತ್ರಿ ಮಲಗುವ ಮುಂಚೆ ಅಜ್ಜ ದಿನದ ಲೆಕ್ಕದ ಪುಸ್ತಕದಲ್ಲೇ ಕೊನೆಗೆ ಒಂದು ಸಾಲು ಬರೆಯುತ್ತಿದ್ದರು. ಯಾರ ಜೊತೆ ಏನು ಮಾತಾಡಿದೆ, ಯಾರಿಗೆ ಏನು ಹೇಳಬೇಕಿತ್ತು. ಪಾಯಟಿಸ್ಟ್ ಪಾದ್ರಿಗಳ ದಿನಚರಿಯ ಗಾಳಿ ಹೀಗೆ ಗುಳೇದಗುಡ್ಡದ ಅಂಗಡಿಯವರೆಗೆ ಬೀಸಿರಬೇಕು. ಕ್ಯಾಥೊಲಿಕರಲ್ಲೂ ಹೀಗೊಂದು ಇದೆ. ಇಗ್ನೇಷಿಯಸ್ ಲೊಯೊಲಾ ಸ್ಥಾಪಿಸಿದ ಜೆಸ್ವಿಟ್ ಸಂಘದವರು ದಿನಕ್ಕೆ ಎರಡು ಸಲ ಕೂತು ಅವತ್ತಿನ ದಿನವನ್ನು ತಿರುವಿ ನೋಡುತ್ತಾರೆ. ನಮಗೆ ಎರಡು ಸಲ ಆಗುವುದಿಲ್ಲ, ಬರೆಯುವುದೂ ಆಗುವುದಿಲ್ಲ. ಒಂಬತ್ತೂವರೆಗೆ ಊಟ ಆದ ಮೇಲೆ ಮೊಬೈಲ್ ಎಲ್ಲವನ್ನೂ ಟಿವಿ ಮೇಲೆ ಇಟ್ಟು ಮೂರು ನಿಮಿಷ ಕೂರುತ್ತೇವೆ. ಒಬ್ಬೊಬ್ಬರು ಒಂದೊಂದು ಮಾತು. ಕೆಲವು ದಿನ ಅದು ಜಗಳವಾಗಿಯೇ ಮುಗಿಯುವುದೂ ಉಂಟು.

ಮೊನ್ನೆ ಆ ಮೂರು ನಿಮಿಷದಲ್ಲಿ ಮಗಳು ಒಂದು ಪ್ರಶ್ನೆ ತೆಗೆದಳು. ಅವ್ವನಿಗೆ ಈಗ ಕೈ ನೋವು, ರೊಟ್ಟಿ ಬಡಿಯಲು ಆಗುವುದಿಲ್ಲ. ವಾರದಲ್ಲಿ ಮೂರ್ನಾಲ್ಕು ದಿನ ಕಡಕ್ ರೊಟ್ಟಿ ಕೊಂಡು ತರುತ್ತೇವೆ. ಹಿಟ್ಟೇ ಇಲ್ಲದ ದಿನ ಡಬ್ಬಿಗೆ ಏನು ಹಾಕಬೇಕು ಎಂಬುದು ಅವಳ ಪ್ರಶ್ನೆ. ಅವ್ವ ರೊಟ್ಟಿಯನ್ನೇ ಹಾಕೋಣ ಅಂದಳು. ಇಲಿ ತಿನ್ನುತ್ತದೆ ಎಂದು ಮಗಳು. ಸದ್ಯಕ್ಕೆ ಹತ್ತು ರೊಟ್ಟಿ ತಂದ ದಿನ ಒಂದು ರೊಟ್ಟಿಯ ದುಡ್ಡು ಡಬ್ಬಿಗೆ ಬೀಳುತ್ತಿದೆ. ನಾಣ್ಯ ಬಿದ್ದರೆ ತಗಡು ಸದ್ದು ಮಾಡುತ್ತದೆ, ಹಿಟ್ಟು ಸದ್ದು ಮಾಡುತ್ತಿರಲಿಲ್ಲ ಎಂದು ಅವ್ವನ ತಕರಾರು. ತಳಕ್ಕೆ ಒಂದು ಹಳೆಯ ಖಣದ ತುಂಡು ಹಾಸಿದ್ದಾಳೆ.